ಪ್ಯಾರಿಸ್ಸಿನ ಹಿತ್ತಿಲು, ಹುತ್ತೂರಿನ ಕೋಡಿ

ಹೋದ ವರ್ಷ ಕೋಲಾರದಲ್ಲಿ ನಡೆದ ಒಂದು ಸಾಹಿತ್ಯ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಮೂವತ್ತು ಮಂದಿ ಡಿಗ್ರಿ ಓದುವ ಹುಡುಗ ಹುಡುಗಿಯರು. ವಿಷಯ ‘ಸಾಹಿತ್ಯದಲ್ಲಿ ನಗರ’. ಊಟದ ನಂತರದ ತೂಕಡಿಕೆ ಓಡಿಸಲು ಒಂದು ಆಟ ಆಡಿಸಿದೆ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, ‘ಪ್ಯಾರಿಸ್ ನಗರದ ನಕ್ಷೆ ಬರೆಯಿರಿ’ ಎಂದೆ. ಯಾರೂ ಅಲ್ಲಿಗೆ ಹೋದವರಲ್ಲ. ಹೆಚ್ಚಿನವರಿಗೆ ಪಾಸ್‌ಪೋರ್ಟೇ ಇಲ್ಲ. ಆದರೂ ಹತ್ತು ನಿಮಿಷದಲ್ಲಿ ಹಾಳೆಗಳು ತುಂಬಿದವು. ನಡುವೆ ಬಳುಕುವ ಸೇನ್ ನದಿ, ನದಿಯೊಳಗೊಂದು ದ್ವೀಪ, ದ್ವೀಪದಲ್ಲಿ ನೋತ್ರ್ ದಾಮ್ ಇಗರ್ಜಿ, ಎಡದಂಡೆಯಲ್ಲಿ ಕೆಫೆಗಳು, ಒಂದು ಕಡೆ ಐಫೆಲ್ ಗೋಪುರ, ಇನ್ನೊಂದು ಕಡೆ ಗುಡ್ಡದ ಮೇಲೆ ಚಿತ್ರಕಾರರ ಮೊಂಮಾರ್ತ್ರ್. ಅಳತೆ ತಪ್ಪಿತ್ತು, ದಿಕ್ಕು ತಪ್ಪಿರಲಿಲ್ಲ.

‘ಈಗ ಹಾಳೆ ತಿರುಗಿಸಿ. ನಿಮ್ಮೂರ ಕೆರೆ ಕೋಡಿ ಬಿದ್ದರೆ ಆ ನೀರು ಯಾವ ಕೆರೆಗೆ ಹೋಗುತ್ತದೆ, ಅದು ತುಂಬಿದರೆ ಮುಂದೆ ಎಲ್ಲಿಗೆ, ಬರೆಯಿರಿ’ ಎಂದೆ.

ಸದ್ದಿಲ್ಲ. ಪೆನ್ನುಗಳು ಏಳಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಹೇಳಿದ: ‘ನಮ್ಮೂರಾಗೆ ಏನೈತೆ ಸಾರ್ ಬರೆಯೋಕೆ?’

ನಾನು ನಗಬಹುದಿತ್ತು, ಬೈಯಬಹುದಿತ್ತು. ಎರಡೂ ಆಗಲಿಲ್ಲ. ಯಾಕೆಂದರೆ ನಾನು ಹುತ್ತೂರು ಹೋಬಳಿಯವನು, ಮತ್ತು ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ನಮ್ಮೂರ ಕೆರೆಯ ಏರಿ ಮೇಲೆ ಹತ್ತು ವರ್ಷ ಶಾಲೆಗೆ ನಡೆದವನು ನಾನು. ಕೋಡಿ ಎಲ್ಲಿದೆ ಎಂದು ಗೊತ್ತು. ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಬೋದಿಲೇರನ ಪ್ಯಾರಿಸ್ಸಿನ ಬಗ್ಗೆ ಮಾತ್ರ ಒಂದು ಗಂಟೆ ಮಾತಾಡಬಲ್ಲೆ.

ಈ ಲೇಖನ ‘ನಮ್ಮೂರಾಗೆ ಏನೈತೆ’ ಎಂಬ ಮಾತಿನ ವಿರುದ್ಧ. ಆ ಹುಡುಗನ ವಿರುದ್ಧ ಅಲ್ಲ. ಅವನಿಗೆ ಆ ಮಾತು ಕಲಿಸಿದವರು ನಾವು. ಕನ್ನಡದಲ್ಲಿ ಬರೆಯುವವರು, ಪಾಠ ಹೇಳುವವರು, ಶಿಬಿರ ನಡೆಸುವವರು.

ಹಾಗೆಂದು ‘ಫ್ರಾನ್ಸ್ ಬಿಡಿ, ನಮ್ಮೂರು ಹಿಡಿಯಿರಿ’ ಎನ್ನುವ ಜಾತಿಯ ಲೇಖನ ಇದೆಂದು ಓದಬೇಡಿ. ಅಂಥ ಊರಭಿಮಾನದಿಂದ ಒಂದು ಕುಂಟೆಯೂ ಉಳಿದಿಲ್ಲ. ನನ್ನ ಆಕ್ಷೇಪಣೆ ಬೇರೆ. ನಾವು ಪ್ಯಾರಿಸ್ಸನ್ನು ಹೆಚ್ಚಾಗಿ ಓದಿಬಿಟ್ಟೆವು ಎಂಬುದಲ್ಲ, ಅರ್ಧ ಓದಿದೆವು ಎಂಬುದು. ಉಳಿದರ್ಧ ಓದಿದ್ದರೆ ಅದರಲ್ಲಿ ಕೋಲಾರ ಸಿಗುತ್ತಿತ್ತು.

ಮೊದಲು ಓದಿದ ಅರ್ಧವನ್ನೇ ನೋಡೋಣ. ಫ್ರೆಂಚ್ ನಗರಗಳು ಅಷ್ಟು ಸುಲಭವಾಗಿ ನಮ್ಮ ನೆನಪಿನಲ್ಲಿ ಕೂರುವುದು ಯಾಕೆ? ಅವು ನೀರನ್ನು ಹಿಡಿದು ಬೆಳೆದ ನಗರಗಳು, ಮತ್ತು ಆ ಸಂಗತಿಯನ್ನು ಮರೆಯದ ನಗರಗಳು. ಲಿಯೋನ್ ನಗರ ರೋನ್ ಮತ್ತು ಸೋನ್ ನದಿಗಳ ಸಂಗಮದಲ್ಲಿದೆ. ಮಾರ್ಸೇಯ ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕರು ದೋಣಿ ಕಟ್ಟಿದ ಹಳೇ ಬಂದರಿನ ಸುತ್ತ ಹಬ್ಬಿದೆ. ಪ್ಯಾರಿಸ್ ಸೇನ್ ನದಿಯ ಒಂದು ದ್ವೀಪದಿಂದ ಹೊರಟಿತು. ಇವತ್ತಿಗೂ ಫ್ರಾನ್ಸಿನ ಹೆದ್ದಾರಿಗಳ ದೂರವನ್ನು ಆ ದ್ವೀಪದಲ್ಲಿ, ನೋತ್ರ್ ದಾಮ್ ಎದುರಿನ ಅಂಗಳದಲ್ಲಿರುವ ಶೂನ್ಯ ಬಿಂದುವಿನಿಂದ ಅಳೆಯುತ್ತಾರೆ. 1860ರಿಂದ ನಗರಕ್ಕೆ 20 ವಿಭಾಗಗಳು. ನದಿಯ ಪಕ್ಕದಲ್ಲೇ ಶುರುವಾಗಿ ಬಸವನಹುಳುವಿನ ಚಿಪ್ಪಿನ ಹಾಗೆ ಬಲಕ್ಕೆ ಸುತ್ತುತ್ತ ಹೋಗುತ್ತವೆ. ಮನೆ ನಂಬರಿನಲ್ಲೂ ನದಿಯಿದೆ. 1805ರ ನಿಯಮದಂತೆ ನದಿಗೆ ಸಮಾನಾಂತರವಾದ ಬೀದಿಗಳಲ್ಲಿ ನಂಬರು ನೀರು ಹರಿಯುವ ದಿಕ್ಕಿನಲ್ಲಿ ಏರುತ್ತದೆ. ನದಿಗೆ ಅಡ್ಡವಾದ ಬೀದಿಗಳಲ್ಲಿ ನದಿಯ ಕಡೆಯಿಂದ ಶುರುವಾಗುತ್ತದೆ. ಗುರುತಿಲ್ಲದ ಬೀದಿಯಲ್ಲಿ ದಾರಿ ತಪ್ಪಿದವನೂ ಎರಡು ಬಾಗಿಲು ನೋಡಿದರೆ ನದಿ ಯಾವ ಕಡೆ ಎಂದು ಹೇಳಬಹುದು.

ಇದನ್ನು ನಾವು ‘ಯೋಜನೆ’ ಎಂದು ಕೊಂಡಾಡುತ್ತೇವೆ. ಕೋಲಾರಕ್ಕೆ ಯೋಜನೆಯೇ ಇಲ್ಲ, ಅದು ಕಂಡಂತೆ ಬೆಳೆದ ಊರು ಎನ್ನುತ್ತೇವೆ.

ಕೋಲಾರವನ್ನೂ ಅದೇ ಕಣ್ಣಿನಿಂದ ನೋಡಿ. ಸುಮಾರು 350ರಲ್ಲಿ ತಲೆಯೆತ್ತಿದ ಗಂಗರ ಮೊದಲ ರಾಜಧಾನಿ ಇದು, ಆಗಿನ ಹೆಸರು ಕುವಲಾಲ. ತಲಕಾಡಿಗೆ ರಾಜಧಾನಿ ಹೋದ ಮೇಲೂ ಗಂಗ ಅರಸರು ತಮ್ಮ ಬಿರುದಿನಲ್ಲಿ ಈ ಊರಿನ ಹೆಸರನ್ನು ಬಿಡಲಿಲ್ಲ. ಅದೇ ಕಾಲಕ್ಕೆ, 360ರಲ್ಲಿ, ಲ್ಯುಟೀಷಿಯಾ ಎಂಬ ಪುಟ್ಟ ರೋಮನ್ ಊರಿನಲ್ಲಿ ಸೈನಿಕರು ಜೂಲಿಯನ್ ಎಂಬವನನ್ನು ಚಕ್ರವರ್ತಿ ಎಂದು ಕೂಗಿದರು. ಆ ಪುಟ್ಟ ಊರೇ ಪ್ಯಾರಿಸ್. ಚರಿತ್ರೆಯ ಲೆಕ್ಕದಲ್ಲಿ ಈ ಎರಡೂ ಸಂಗತಿಗಳು ಹೆಚ್ಚು ಕಡಿಮೆ ಒಂದೇ ಹೊತ್ತಿನವು.

ಪಶ್ಚಿಮಕ್ಕೆ ಶತಶೃಂಗ ಬೆಟ್ಟ. ಅದರ ಮೈಯಲ್ಲಿ ಕಲ್ಲು ಬಸವನ ಬಾಯಿಂದ ಸುರಿಯುವ ಅಂತರಗಂಗೆ. ಬೆಟ್ಟದ ಇಳಿಜಾರಿನ ನೀರು ಹಿಡಿಯುವ ಕೆರೆಗಳು. ಕೋಟೆಯ ಕಡೆ ಚೋಳರ ಶಾಸನಗಳಿರುವ ಕೋಲಾರಮ್ಮನ ಗುಡಿ, ಅದರ ಹತ್ತಿರವೇ ವಿಜಯನಗರ ಕಾಲದ ಗೋಪುರದ ಸೋಮೇಶ್ವರ. ಆಚೆ ಹೈದರಾಲಿಯ ತಂದೆ ಫತೇ ಮುಹಮ್ಮದ್ ಮಲಗಿರುವ ಮಕ್ಬರ. ದೊಡ್ಡಪೇಟೆ, ಕುರುಬರಪೇಟೆ, ಕಠಾರಿಪಾಳ್ಯ ಎಂಬ ಹೆಸರುಗಳಲ್ಲೇ ಯಾರು ಎಲ್ಲಿ ಏನು ಮಾಡುತ್ತಿದ್ದರು ಎಂಬ ಸುಳಿವಿದೆ. ಬೆಟ್ಟ, ನೀರು, ಕೋಟೆ, ಪೇಟೆ. ಲಿಯೋನ್ ನಗರದಲ್ಲೂ ಇರುವುದು ಇದೇ: ಪ್ರಾರ್ಥನೆಯ ಬೆಟ್ಟವೊಂದು, ರೇಷ್ಮೆ ನೇಕಾರರ ದುಡಿಮೆಯ ಬೆಟ್ಟವೊಂದು, ನಡುವೆ ನೀರು. ಅಲ್ಲಿನ ರೇಷ್ಮೆ ನೇಕಾರರು 1831ರಲ್ಲಿ ಕೂಲಿಗಾಗಿ ಎದ್ದು ನಿಂತದ್ದು ಪುಸ್ತಕಗಳಲ್ಲಿದೆ. ನಮ್ಮಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿಯೆಲ್ಲ ತಟ್ಟೆಯ ಮುಂದೆ ಕೂತು ಹುಳು ಮೇಯಿಸುವವರ ಬೆಟ್ಟಕ್ಕೆ ಇನ್ನೂ ಪುಸ್ತಕ ಬೇಕು.

ಊರು ಬಿಟ್ಟು ಹೋಬಳಿಗೆ ಬನ್ನಿ, ಯೋಜನೆ ಇನ್ನೂ ಸ್ಪಷ್ಟ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆಯಲ್ಲಿ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ನಿಲ್ಲಿಸಿದ ಏರ್ಪಾಡು ಅದು. ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗೆ. ಏರಿಯ ಕೆಳಗೆ ತೂಬು, ತೂಬಿನ ಕೆಳಗೆ ಗದ್ದೆ, ಏರಿಯ ಮೇಲೆ ದಾರಿ, ದಾರಿಯ ಕೊನೆಯಲ್ಲಿ ಊರು. ಪ್ಯಾರಿಸ್ಸಿನ ಮನೆ ನಂಬರು ನದಿಯನ್ನು ನೋಡುವ ಹಾಗೆ ಹುತ್ತೂರು ಹೋಬಳಿಯ ಊರುಗಳು ತಮ್ಮ ಕೆರೆಯನ್ನು ನೋಡುತ್ತ ಕೂತಿದ್ದವು. ಅಲ್ಲಿ ನಿಯಮವನ್ನು ಕಾಗದದ ಮೇಲೆ ಬರೆದರು. ಇಲ್ಲಿ ನೀರುಗಂಟಿಯ ಬಾಯಲ್ಲಿತ್ತು. ಅವನ ಕೆಲಸ ಹೋಯಿತು, ನಕ್ಷೆಯೂ ಹೋಯಿತು.

ಇಲ್ಲಿ ಯಾರಾದರೂ ಕೈ ಎತ್ತಬೇಕು: ‘ಆ ಏರ್ಪಾಡಿನಲ್ಲಿ ನಮ್ಮ ಕೇರಿ ಎಲ್ಲಿತ್ತು ಸಾರ್?’ ಎಂದು. ನ್ಯಾಯವಾದ ಪ್ರಶ್ನೆ. ನಮ್ಮ ಹಳ್ಳಿಗಳ ವಿನ್ಯಾಸ ನೀರಿನ ಜೊತೆಗೆ ಜಾತಿಯ ಅಳತೆಗೋಲನ್ನೂ ಹಿಡಿದಿತ್ತು. ನೀರು ಕಾದವನಿಗೆ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಕೆರೆಯ ಮಣ್ಣು ಹೊತ್ತವರ ಮನೆಗಳನ್ನು ಊರಾಚೆ ಇಟ್ಟರು. ದಲಿತ ಚಳವಳಿ ಇಷ್ಟು ಗಟ್ಟಿಯಾಗಿ ಬೆಳೆದ ಕೋಲಾರದಲ್ಲಿ ಕೂತು ಹಳ್ಳಿಯ ನಕ್ಷೆಯನ್ನು ಬರೀ ಸೊಬಗಿನ ಚಿತ್ರ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ಫ್ರೆಂಚರು ಕಟ್ಟಿದ ಊರುಗಳಿಗೂ ಕೇಳಿ. ರಜೆ ಸಿಕ್ಕರೆ ನಾವು ಓಡುವ ಪುದುಚೇರಿಯಲ್ಲಿ ಹಳದಿ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಬೀದಿಗಳ ಪಕ್ಕದಲ್ಲೇ ಒಂದು ಕಾಲುವೆಯಿದೆ. ಕಡಲ ಕಡೆ ಬಿಳಿಯರ ಊರು, ಕಾಲುವೆಯಾಚೆ ಕರಿಯರ ಊರು ಎಂದು ಗೆರೆ ಎಳೆದದ್ದು ಅದೇ. ನಕ್ಷೆ ಅಂದವಾಗಿದೆ ಎಂದಾಗಲೆಲ್ಲ ಗೆರೆಯ ಆಚೆ ಯಾರಿದ್ದರು ಎಂದು ಕೇಳಬೇಕು.

ನಾವು ಕನಸು ಕಾಣುವ ಪ್ಯಾರಿಸ್, ಆ ಅಗಲ ರಸ್ತೆ, ಒಂದೇ ಎತ್ತರದ ಕಲ್ಲುಮನೆಗಳ ಪ್ಯಾರಿಸ್, ಹೆಚ್ಚಿನಂಶ 1853ರಿಂದ 1870ರವರೆಗೆ ಅಲ್ಲಿ ಅಧಿಕಾರಿಯಾಗಿದ್ದ ಓಸ್ಮಾನ್ ಕೆಡವಿ ಕಟ್ಟಿಸಿದ್ದು. ಹಳೆಯ ಓಣಿಗಳು ನೆಲಸಮವಾದವು. ನೋತ್ರ್ ದಾಮ್ ಸುತ್ತ ಒತ್ತೊತ್ತಾಗಿದ್ದ ಬಡವರ ಮನೆಗಳು ಹೋದವು. ಬಾಡಿಗೆ ಕೊಡಲಾರದ ಕೂಲಿಕಾರರು ಊರಂಚಿಗೆ ಸರಿದರು. ಲಂಕೇಶರು ‘ಪಾಪದ ಹೂವುಗಳು’ ಎಂದು ಕನ್ನಡಕ್ಕೆ ತಂದ ಬೋದಿಲೇರ್ ಈ ಕೆಡವಾಟದ ನಡುವೆ ಬದುಕಿದವನು. ತಾನು ಕಂಡಿದ್ದ ಊರು ಕಣ್ಣೆದುರೇ ಮಾಯವಾಗುವುದನ್ನು ನೋಡಿ ನೊಂದು ಬರೆದವನು. ನಾವು ಅವನನ್ನು ಓದಿ, ಅವನನ್ನು ನೋಯಿಸಿದ ರಸ್ತೆಗಳಿಗೆ ಮರುಳಾದೆವು. ಅರ್ಧ ಓದು ಎಂದು ನಾನು ಹೇಳಿದ್ದು ಇದನ್ನೇ.

ಇನ್ನು ಓದದೇ ಬಿಟ್ಟ ಭಾಗಕ್ಕೆ ಬರುತ್ತೇನೆ. ಅದು ಪ್ಯಾರಿಸ್ಸಿನ ಹಿತ್ತಿಲು.

ಅಷ್ಟು ದೊಡ್ಡ ನಗರ ತನ್ನ ಕೊಳಚೆಯನ್ನು ಎಲ್ಲಿಗೆ ಕಳಿಸಿತು? ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯಲ್ಲಿ ಗಾಯಗೊಂಡ ಹುಡುಗನನ್ನು ಹೊತ್ತು ನಾಯಕ ಚರಂಡಿಯೊಳಗೆ ನಡೆಯುವ ಭಾಗ ನಿಮಗೆ ನೆನಪಿರಬಹುದು. ಅದಕ್ಕೆ ಮುಂಚೆ ಹ್ಯೂಗೋ ಕತೆ ನಿಲ್ಲಿಸಿ, ಚರಂಡಿಯ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಾನೆ. ಹೊಲಕ್ಕೆ ಗೊಬ್ಬರವಾಗಬೇಕಾದ್ದನ್ನು ಪ್ಯಾರಿಸ್ ನದಿಗೆ ಸುರಿದು ಹಾಳು ಮಾಡುತ್ತಿದೆ ಎಂಬುದು ಅವನ ವಾದ. ಪರೀಕ್ಷೆ ಹತ್ತಿರ ಬಂದಾಗ ನಾವೆಲ್ಲ ಹಾರಿಸಿ ಓದುವ ಪುಟಗಳು ಅವು. ಅಲ್ಲಿನ ಎಂಜಿನಿಯರರು ಹಾರಿಸಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ನಗರದ ಕೊಳಚೆ ನೀರನ್ನು ವಾಯವ್ಯಕ್ಕಿರುವ ಜೆನ್ವಿಲಿಯೇ ಎಂಬ ಊರಿನ ಬಯಲಿಗೆ ಹಾಯಿಸಿದರು. ಬರಡು ನೆಲ ಹಸಿರಾಯಿತು. ಕೋಸು, ಗಡ್ಡೆ, ಸೊಪ್ಪು ಭರ್ಜರಿಯಾಗಿ ಬೆಳೆದು ಪ್ಯಾರಿಸ್ ಮಾರುಕಟ್ಟೆಗೆ ಹೋದವು. ಏರ್ಪಾಡು ಗೆದ್ದಿತೆಂದು ಇನ್ನಷ್ಟು ಹಳ್ಳಿಗಳಿಗೂ ವಿಸ್ತರಿಸಿದರು. ಹೀಗೆ ಕೊಳಚೆ ಕುಡಿದ ಬಯಲುಗಳಲ್ಲಿ ಪಿಯೆರ್ಲೇ ಎಂಬುದೂ ಒಂದು. ನೂರು ವರ್ಷ ಕಳೆದ ಮೇಲೆ ಅಲ್ಲಿನ ಮಣ್ಣು ಪರೀಕ್ಷಿಸಿದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತುಂಬಿದ್ದವು. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆ ನೆಲದಲ್ಲಿ ತರಕಾರಿ ಬೆಳೆಯುವುದನ್ನೇ ನಿಷೇಧಿಸಬೇಕಾಯಿತು. ಈಗ ಅಲ್ಲಿ ಕಾಡು ಬೆಳೆಸುತ್ತಿದ್ದಾರೆ.

ಓದುವಾಗ ಎಲ್ಲೋ ಕೇಳಿದ ಹಾಗೆ ಅನ್ನಿಸಿತೇ?

2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ನೀರು ಬಂತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ 126 ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಅದು. ಶಾಶ್ವತ ನೀರಾವರಿ ಕೊಡಿ ಎಂದು ವರ್ಷಗಟ್ಟಲೆ ಬೀದಿಯಲ್ಲಿ ಕೂತ ಜಿಲ್ಲೆಗೆ ಸಿಕ್ಕಿದ್ದು ಇದು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ ನೀರು ಹರಿಯುತ್ತಲೇ ಇದೆ.

ಇದರಲ್ಲಿ ನನ್ನನ್ನು ಕಾಡಿದ ಸಂಗತಿ ಎರಡು. ಒಂದು, ಪೈಪಿನಲ್ಲಿ ಬಂದ ನೀರನ್ನು ಎತ್ತರದ ಕೆರೆಗೆ ಏರಿಸಿ ಬಿಟ್ಟರು. ಅಲ್ಲಿಂದ ಮುಂದಕ್ಕೆ ಅದು ಕೋಡಿ ಹರಿದು, ಹಳೇ ಕಾಲುವೆ ಹಿಡಿದು, ಕೆರೆಯಿಂದ ಕೆರೆಗೆ ತಾನೇ ಇಳಿಯಿತು. ಯೋಜನೆಯೇ ಇಲ್ಲದ ಊರುಗಳೆಂದು ನಾವು ಹೇಳುತ್ತಿದ್ದೆವಲ್ಲ, ಸಾವಿರ ವರ್ಷದ ಆ ಯೋಜನೆಯ ಬೆನ್ನ ಮೇಲೆಯೇ ಹೊಸ ಯೋಜನೆ ಸವಾರಿ ಮಾಡಿತು. ನಮ್ಮ ನಕ್ಷೆ ನಮಗೆ ಮರೆತಿತ್ತು, ಸರ್ಕಾರದ ಎಂಜಿನಿಯರರಿಗೆ ಮರೆತಿರಲಿಲ್ಲ.

ಎರಡು, ಸಾವಿರ, ಸಾವಿರದ ಐನೂರು ಅಡಿ ಕೊರೆದರೂ ದೂಳು ಬರುತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಟೊಮ್ಯಾಟೊ ಬೆಳೆಯುವ ರೈತನಿಗೆ ಅದು ಸಣ್ಣ ಮಾತಲ್ಲ. ‘ಆ ನೀರು ಬೇಡ ಅನ್ನು’ ಎಂದು ಬೆಂಗಳೂರಿನ ಎಸಿ ಕೋಣೆಯಿಂದ ಅವನಿಗೆ ಹೇಳುವ ಯೋಗ್ಯತೆ ಯಾರಿಗೂ ಇಲ್ಲ. ಜೆನ್ವಿಲಿಯೇ ರೈತನೂ ಮೊದಮೊದಲು ಖುಷಿಯಾಗಿಯೇ ಇದ್ದ. ಅವನ ಮೊಮ್ಮಕ್ಕಳ ಕಾಲಕ್ಕೆ ಲೆಕ್ಕ ಬಂತು. ಕೋಲಾರದ ಜನ ಈ ನೀರಿಗೆ ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೇಳುತ್ತಿರುವುದು ಹಟವಲ್ಲ. ಪ್ಯಾರಿಸ್ಸಿನ ಬಯಲು ಒಂದು ಶತಮಾನ ಸವೆಸಿ ಕಲಿತ ಪಾಠವನ್ನು ಮುಂಚೆಯೇ ಹೇಳುತ್ತಿದ್ದಾರೆ. ಅವರ ಪರವಾಗಿ ಆ ಬಯಲಿನ ಕತೆಯನ್ನು ಎತ್ತಿ ಹೇಳಬೇಕಾದವರು ಫ್ರೆಂಚ್ ಸಾಹಿತ್ಯ ಓದಿಕೊಂಡ ನಾವು. ನಾವೇನು ಮಾಡುತ್ತಿದ್ದೆವು? ಐಫೆಲ್ ಗೋಪುರದ ಕೆಳಗೆ ನಿಂತ ಪ್ರವಾಸ ಕಥನ ಬರೆಯುತ್ತಿದ್ದೆವು.

ಕೋಲಾರಕ್ಕೆ ಪ್ಯಾರಿಸ್ಸಿನಲ್ಲಿ ನಂಟರಿದ್ದರೆ ಅವರು ಜೆನ್ವಿಲಿಯೇ, ಪಿಯೆರ್ಲೇ ಬಯಲಿನವರು. ಮಹಾನಗರಕ್ಕೆ ತರಕಾರಿ, ಹಾಲು, ಕೂಲಿ, ಇಟ್ಟಿಗೆ ಕೊಟ್ಟು ಅದರ ಕೊಳಚೆ ಪಡೆಯುವ ಊರುಗಳು. ಪಕ್ಕದ ಕೆಜಿಎಫನ್ನು ‘ಮಿನಿ ಇಂಗ್ಲೆಂಡ್’ ಎಂದು ಹೊಗಳಿ ಬರೆದವರಿಗೆ ಲೆಕ್ಕವಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿ ಕಣ್ಣಿಗೆ ರಾಚುವ ಗುರುತು ಬಿಳಿಯರ ಬಂಗಲೆಗಳಲ್ಲ, ಗಾಳಿ ಬೀಸಿದರೆ ಮನೆಯೊಳಗೆ ಬರುವ ಸಯನೈಡ್ ಮಣ್ಣಿನ ದಿಬ್ಬಗಳು. ಚಿನ್ನ ಎಲ್ಲಿಗೋ ಹೋಯಿತು, ದಿಬ್ಬ ಇಲ್ಲೇ ಉಳಿಯಿತು. ಇಂಗ್ಲೆಂಡಿನ ಹೆಸರೋ ಪ್ಯಾರಿಸ್ಸಿನ ಹೆಸರೋ, ನಮ್ಮ ಊರಿಗೆ ಎರವಲು ಹೆಸರು ತಗಲಿದಾಗ ಹಿತ್ತಿಲು ಕಣ್ಣಿಗೆ ಬೀಳುವುದಿಲ್ಲ. ಎರವಲು ಹೆಸರಿನ ಕೆಲಸವೇ ಅದು.

ಆ ಕೆಲಸ ಈಗ ಭರದಿಂದ ಸಾಗಿದೆ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು, ಚೆನ್ನೈಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ದಾರಿ, ಇವುಗಳ ಹಿಂದೆಯೇ ಲೇಔಟುಗಳು ಬರುತ್ತಿವೆ. ನಾನು ಬಸ್ಸಿನ ಕಿಟಕಿಯಿಂದ ನೋಡಿದ ಒಂದು ಕಮಾನಿನ ಮೇಲೆ ಫ್ರೆಂಚ್ ಹೆಸರಿತ್ತು. ಒಳಗೆ ಸಿಮೆಂಟಿನ ಪುಟ್ಟ ಐಫೆಲ್ ಗೋಪುರ. ಆ ಜಾಗಕ್ಕೆ ಒಂದು ಹೆಸರಿತ್ತು, ಒಂದು ಸರ್ವೇ ನಂಬರಿತ್ತು, ಪಕ್ಕದಲ್ಲಿ ಹಾದುಹೋಗುವ ಒಂದು ಕಾಲುವೆಯಿತ್ತು. ಈಗ ಇರುವುದು ಮೂವತ್ತು ನಲವತ್ತರ ಸೈಟು, ಫಸ್ಟ್ ಮೇನ್, ಸೆಕೆಂಡ್ ಕ್ರಾಸ್. ಮುಂಗಾರು ಜೋರಾಗಿ ಬಂದ ವರ್ಷ ಆ ಕಾಲುವೆ ತನ್ನ ಹಳೇ ವಿಳಾಸ ಹುಡುಕಿಕೊಂಡು ಅವರ ಪೋರ್ಟಿಕೋಗೆ ಬರುತ್ತದೆ. ಆಗ ಟಿ.ವಿ.ಯವರು ‘ಪ್ರಕೃತಿ ವಿಕೋಪ’ ಎನ್ನುತ್ತಾರೆ.

ಕಾಲುವೆಯನ್ನು ಮುಚ್ಚುವುದಕ್ಕೆ ಮುಂಚೆ ಅದರ ಹೆಸರು ಸಾಯಬೇಕು. ಹೆಸರಿರುವ ಕುಂಟೆಗೆ ಮಣ್ಣು ಸುರಿದರೆ ಯಾರಾದರೂ ಕೇಳುತ್ತಾರೆ. ಹೆಸರಿಲ್ಲದ ತಗ್ಗಿಗೆ ಸುರಿದರೆ ಅದು ಲೆವೆಲಿಂಗ್. ನಾನು ಈ ಜಗಳವನ್ನು ಸಾಹಿತ್ಯದ ಪತ್ರಿಕೆಗೆ ತಂದದ್ದು ಇದಕ್ಕೇ. ಒತ್ತುವರಿ ತೆರವು ತಹಶೀಲ್ದಾರರ ಕೆಲಸ ಇರಬಹುದು. ಹೆಸರು ಸಾಯದ ಹಾಗೆ ನೋಡಿಕೊಳ್ಳುವುದು ಬರೆಯುವವರ ಕೆಲಸ. ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಬಂದವರು, ಮುಳಬಾಗಿಲಿನ ಡಿ.ವಿ.ಜಿ. ನಮ್ಮ ಸೀಮೆಯವರು ಎಂದು ಭಾಷಣದಲ್ಲಿ ಎದೆ ತಟ್ಟುತ್ತೇವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಗಣಿಯಲ್ಲಿ ತಮಿಳು ಆಡುವ ನಮ್ಮ ಜಿಲ್ಲೆಯಲ್ಲಿ ಒಂದೊಂದು ಕುಂಟೆಗೂ ಎರಡೆರಡು ಭಾಷೆಯಲ್ಲಿ ಹೆಸರಿದೆ. ಆ ಹೆಸರುಗಳನ್ನು ಯಾವ ಕತೆಯಲ್ಲಿ, ಯಾವ ಕವಿತೆಯಲ್ಲಿ ಇಟ್ಟಿದ್ದೇವೆ? ನಮ್ಮ ಕತೆಗಳ ಊರುಗಳಿಗೆ ‘ಒಂದೂರು’, ಕೆರೆಗೆ ‘ಊರ ಮುಂದಿನ ಕೆರೆ’ ಎಂದು ಬರೆದು ಮುಂದೆ ಹೋಗುತ್ತೇವೆ. ಬಾಲ್ಜಾಕ್ ಆಗಲಿ ಜೋಲಾ ಆಗಲಿ ಬೀದಿಯ ಹೆಸರು ಬಿಟ್ಟು ಒಂದು ಪುಟ ಬರೆದಿದ್ದರೆ ನಮ್ಮ ಶಿಬಿರದ ಮಕ್ಕಳು ಆ ನಕ್ಷೆ ಹೇಗೆ ಬರೆಯುತ್ತಿದ್ದರು?

ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೇ. ಬೋದಿಲೇರನನ್ನು ಓದಿ. ಹ್ಯೂಗೋನ ಚರಂಡಿಯ ಪುಟಗಳನ್ನು ಹಾರಿಸದೆ ಓದಿ. ಆಮೇಲೆ ಒಂದು ಭಾನುವಾರ ನಿಮ್ಮೂರ ಕೋಡಿಯಿಂದ ಶುರು ಮಾಡಿ ನೀರಿನ ದಾರಿ ಹಿಡಿದು ನಡೆಯಿರಿ. ಎಲ್ಲಿ ಬೇಲಿ ಅಡ್ಡ ಬರುತ್ತದೋ, ಎಲ್ಲಿ ಕಾಂಪೌಂಡು ಎದ್ದಿದೆಯೋ, ಎಲ್ಲಿ ಕೇರಿಯ ಗೆರೆ ದಾಟುತ್ತೀರೋ ಬರೆದುಕೊಳ್ಳಿ. ಹೊಲದಲ್ಲಿ ಸಿಕ್ಕವರನ್ನು ಹೆಸರು ಕೇಳಿ. ಅದು ಪ್ರಬಂಧವಾದರೂ ಸರಿ, ಕತೆಯಾದರೂ ಸರಿ, ಪೆನ್ಸಿಲ್ಲಿನ ನಕ್ಷೆಯಾದರೂ ಸರಿ.

ಶಿಬಿರ ಮುಗಿದು ಎರಡು ವಾರಕ್ಕೆ ಒಬ್ಬಳು ಹುಡುಗಿ ಫೋನಿನಲ್ಲಿ ಒಂದು ಫೋಟೊ ಕಳಿಸಿದಳು. ಅದೇ ಹಾಳೆಯ ಹಿಂಬದಿ. ಅಜ್ಜಿಯನ್ನು ಕೂರಿಸಿಕೊಂಡು ಬರೆದದ್ದಂತೆ. ಒಂದರ ಕೆಳಗೊಂದು ಮೂರು ಕೆರೆ, ನಡುವೆ ಕಾಲುವೆಯ ಗೆರೆ, ಪ್ರತಿಯೊಂದರ ಪಕ್ಕ ಹೆಸರು. ಮೂರನೆಯದರ ಕೋಡಿಯಿಂದ ಗೆರೆ ಹಾಳೆಯ ಅಂಚಿನವರೆಗೆ ಬಂದು ನಿಂತಿತ್ತು. ಅಲ್ಲಿ ಬರೆದಿದ್ದಳು: ‘ಇಲ್ಲಿಂದ ಮುಂದಿನ ಕೆರೆ ಅಜ್ಜಿಗೂ ಗೊತ್ತಿಲ್ಲ ಸಾರ್. ಪಕ್ಕದೂರಲ್ಲಿ ಕೇಳ್ಕೊಂಡು ಬರ್ತೀನಿ.’